ವಿದ್ಯುತ್ ಕಾರಿಗೆ ಬುತ್ತಿ

ಹಿಂದೆ ನಮ್ಮ ಹಿರಿಯರು ಗಾಡಿ ಕಟ್ಟಿಕೊಂಡು ದೂರದ ಊರಿಗೆ ಹೊರಡುವಾಗ ಎರಡು ವಿಷಯಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಿದ್ದರು. ದಾರಿಯಲ್ಲಿ ಎತ್ತುಗಳಿಗೆ ಹುಲ್ಲು ನೀರು ಎಲ್ಲಿ ದೊರೆಯುವುದು ಎಂಬುದು ಒಂದು. ಅವು ಮೇಯ್ದು, ಮೆಲುಕು ಹಾಕಿ, ಮತ್ತೆ ನೊಗಕ್ಕೆ ಸಿದ್ಧವಾಗಲು ಎಷ್ಟು ಹೊತ್ತು ಬೇಕು ಎಂಬುದು ಇನ್ನೊಂದು. ಪೆಟ್ರೋಲಿನ ಕಾರು ಬಂದ ಮೇಲೆ ನಾವು ಎರಡನೆಯ ಪ್ರಶ್ನೆಯನ್ನು ಮರೆತೇಬಿಟ್ಟೆವು. ಬಂಕಿನಲ್ಲಿ ಎರಡು ನಿಮಿಷ ನಿಂತರೆ ಟ್ಯಾಂಕು ತುಂಬುತ್ತಿತ್ತು. ವಿದ್ಯುತ್ ಕಾರು ಆ ಹಳೆಯ ಪ್ರಶ್ನೆಯನ್ನು ಮತ್ತೆ ನಮ್ಮ ಮುಂದೆ ತಂದು ನಿಲ್ಲಿಸಿದೆ.

ವಿದ್ಯುತ್ ಕಾರು ನಮ್ಮ ನಾಡಿಗೆ ತೀರ ಹೊಸದೇನೂ ಅಲ್ಲ. ಬೆಂಗಳೂರಿನಲ್ಲಿಯೇ ತಯಾರಾದ ರೇವಾ ಎಂಬ ಪುಟ್ಟ ಕಾರು 2001ರಲ್ಲಿ ಮಾರಾಟಕ್ಕೆ ಬಂದಿತು. ಅದರಲ್ಲಿದ್ದುದು ಸೀಸ ಮತ್ತು ಆಮ್ಲದ ಹಳೆಯ ಬಗೆಯ ಬ್ಯಾಟರಿ. ಮನೆಯ 15 ಆಂಪಿಯರ್ ಸಾಕೆಟ್ಟಿಗೆ ತಗುಲಿಸಿದರೆ ಅದರ ಹಸಿವು ತೀರುತ್ತಿತ್ತು. ಊರೊಳಗಿನ ಓಡಾಟಕ್ಕೆ ಅದು ಸಾಕಾಗಿತ್ತು. ಈಗ ಐದು ಜನರು ಸಾಮಾನು ಸಹಿತ ಕುಳಿತು ಊರಿಂದೂರಿಗೆ ಹೋಗಬಲ್ಲ, ಎಸ್.ಯು.ವಿ. ಎಂದು ಕರೆಯುವ ಎತ್ತರದ ವಾಹನಗಳೂ ವಿದ್ಯುತ್ತಿನಿಂದಲೇ ನಡೆಯುತ್ತಿವೆ. ಅಂಥದೊಂದು ವಾಹನ ನಮ್ಮ ಮನೆಗೂ ಬಂದು ಎರಡು ವರ್ಷಗಳಾದುವು. ಅದನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: "ಒಂದು ಸಲ ಚಾರ್ಜು ಮಾಡಿದರೆ ಎಷ್ಟು ದೂರ ಹೋಗುತ್ತದೆ?" ನಮ್ಮ ಅನುಭವದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಅದು ಎಲ್ಲಿ, ಎಷ್ಟು ಹೊತ್ತು ನಿಲ್ಲಬೇಕು? ಇದಕ್ಕೆ ಉತ್ತರ ಕೊಡುವುದು ಪ್ರೌಢಶಾಲೆಯ ಭೌತಶಾಸ್ತ್ರವೇ. ಆ ಪಾಠವನ್ನು ಮರೆತರೆ ಏನಾಗುವುದೆಂಬುದನ್ನು ನಾವು ಎರಡು ಸಲ ಕಂಡಿದ್ದೇವೆ. ಅದನ್ನೂ ಮುಚ್ಚಿಡದೆ ಹೇಳುತ್ತೇವೆ.

ಶಕ್ತಿ ಬೇರೆ, ಸಾಮರ್ಥ್ಯ ಬೇರೆ

ವಿದ್ಯಾರ್ಥಿಗಳು ಮೊದಲು ಶಕ್ತಿ, ಸಾಮರ್ಥ್ಯ ಎಂಬ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ತೊಟ್ಟಿಯಲ್ಲಿ ಕೂಡಿರುವ ನೀರನ್ನು ಶಕ್ತಿಗೆ ಹೋಲಿಸಿದರೆ, ನಲ್ಲಿಯಿಂದ ನಿಮಿಷಕ್ಕೆ ಇಷ್ಟೆಂದು ಬೀಳುವ ನೀರನ್ನು ಸಾಮರ್ಥ್ಯಕ್ಕೆ ಹೋಲಿಸಬಹುದು. 1,000 ವ್ಯಾಟ್, ಎಂದರೆ ಒಂದು ಕಿಲೋವ್ಯಾಟ್ ಸಾಮರ್ಥ್ಯದಲ್ಲಿ ಒಂದು ಗಂಟೆ ಕಾಲ ಸಾಗಿದ ಶಕ್ತಿಯೇ ನಮ್ಮ ವಿದ್ಯುತ್ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್. ಅದು 36 ಲಕ್ಷ ಜೂಲುಗಳಿಗೆ ಸಮ.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಅಡಗಿದೆ. ಬಂಕಿನ ಕೊಳವೆಯಿಂದ ನಿಮಿಷಕ್ಕೆ 30 ಲೀಟರ್ ಸುರಿಯುತ್ತದೆ ಎಂದು ಇಟ್ಟುಕೊಳ್ಳೋಣ. ಹಾಗಾದರೆ ಒಂದೇ ನಿಮಿಷದಲ್ಲಿ 270 ಯೂನಿಟ್ ಶಕ್ತಿ ವಾಹನದೊಳಕ್ಕೆ ಸೇರಿತು. ಇದನ್ನು ಸಾಮರ್ಥ್ಯಕ್ಕೆ ತಿರುಗಿಸಿದರೆ 16,000 ಕಿಲೋವ್ಯಾಟಿಗೂ ಮೇಲಾಗುತ್ತದೆ. ಮನೆಯ 15 ಆಂಪಿಯರ್ ಸಾಕೆಟ್ಟಿನಿಂದ ನಾವು ಪಡೆಯಬಹುದಾದುದು ಸುಮಾರು 3.3 ಕಿಲೋವ್ಯಾಟ್. ಆ 270 ಯೂನಿಟ್ಟುಗಳನ್ನು ಈ ಸಾಕೆಟ್ಟಿನಿಂದ ತುಂಬುತ್ತ ಕುಳಿತರೆ ಮೂರು ದಿನಗಳ ಮೇಲೆ ಹತ್ತು ಗಂಟೆ ಹಿಡಿಯುವುದು!

ಈ ಲೆಕ್ಕವನ್ನು ನೋಡಿ ಧೈರ್ಯಗೆಡಬೇಕಾಗಿಲ್ಲ. ಪೆಟ್ರೋಲ್ ಎಂಜಿನ್ನು ಸುಟ್ಟ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಮೆ ಕಾಲುಪಾಲನ್ನು ಮಾತ್ರ ಚಕ್ರಗಳಿಗೆ ಮುಟ್ಟಿಸುತ್ತದೆ. ಉಳಿದುದು ಬಿಸಿಯಾಗಿ ಗಾಳಿಗೆ ಸೇರುತ್ತದೆ. ವಿದ್ಯುತ್ ಮೋಟಾರಾದರೋ ಬ್ಯಾಟರಿಯಿಂದ ಪಡೆದುದರಲ್ಲಿ ಬಹುಪಾಲನ್ನು ಚಲನೆಗೇ ವಿನಿಯೋಗಿಸುತ್ತದೆ. ನಮ್ಮ ವಾಹನದ ಬ್ಯಾಟರಿಯಲ್ಲಿ ಹಿಡಿಸುವುದು 45 ಯೂನಿಟ್, ಎಂದರೆ ಐದೇ ಲೀಟರ್ ಪೆಟ್ರೋಲಿನಷ್ಟು ಶಕ್ತಿ. ಅಷ್ಟರಿಂದಲೇ ಅದು ಹೆದ್ದಾರಿಯಲ್ಲಿ 280 ಕಿಲೋಮೀಟರಿನವರೆಗೆ ಓಡುತ್ತದೆ. ವಿದ್ಯುತ್ ಕಾರು ಮಿತಾಹಾರಿ. ಆದರೆ ನಿಧಾನವಾಗಿ ಉಣ್ಣುವ ಪ್ರಾಣಿ.

ಮನೆಯಲ್ಲಿ

ನಿಧಾನವಾಗಿ ಉಣ್ಣುವವರಿಗೆ ರಾತ್ರಿಯ ಊಟವೇ ಸರಿ. ಯಾವ ಕುಟುಂಬದ ಕಾರಾದರೂ ದಿನದ ಹೆಚ್ಚು ಹೊತ್ತು ಸುಮ್ಮನೆ ನಿಂತೇ ಇರುತ್ತದೆ. ನಮ್ಮ ದಿನನಿತ್ಯದ ಓಡಾಟ, ಕಾಲೇಜು, ಮಗುವಿನ ಶಾಲೆ, ಪೇಟೆ ಎಲ್ಲ ಸೇರಿ 40 ಕಿಲೋಮೀಟರಿನೊಳಗೆ. ಅದಕ್ಕೆ ಖರ್ಚಾಗುವುದು 6 ಯೂನಿಟ್. ತುಂಬುವಾಗ ಬಿಸಿಯಾಗಿ ನಷ್ಟವಾಗುವ ಹತ್ತರಲ್ಲಿ ಒಂದು ಪಾಲನ್ನು ಸೇರಿಸಿದರೂ ಎರಡು ಗಂಟೆಯ ಸಾಮಾನ್ಯ ಸಾಕೆಟ್ಟಿನ ಪೂರೈಕೆ ಸಾಕು. ಬ್ಯಾಟರಿ ಬಹಳ ಇಳಿದು ನೂರಕ್ಕೆ 20ಕ್ಕೆ ಬಂದಿದ್ದರೆ ಪೂರ್ತಿ ತುಂಬಲು ಗೋಡೆಯಿಂದ 40 ಯೂನಿಟ್ ಬೇಕು. ಆಗ ಸುಮಾರು 12 ಗಂಟೆಗಳಾಗುತ್ತವೆ. ಸಂಜೆ ಏಳಕ್ಕೆ ಹಾಕಿದರೆ ಬೆಳಗ್ಗೆ ಏಳಕ್ಕೆ ಸಿದ್ಧ.

ಇಷ್ಟು ಕಾಲ ಕಾಯಲಾರದವರು ಗೋಡೆಗೆ ಬೇರೊಂದು ಪೆಟ್ಟಿಗೆಯನ್ನು ಜೋಡಿಸಿಕೊಳ್ಳುತ್ತಾರೆ. ಅದು 32 ಆಂಪಿಯರ್ ಪ್ರವಾಹವನ್ನು ಬಿಡುತ್ತದೆ. ನಮ್ಮ ಮನೆಗಳ ವಿಭವಾಂತರ 230 ವೋಲ್ಟ್. ಇವೆರಡನ್ನು ಗುಣಿಸಿದರೆ 7,360 ವ್ಯಾಟ್, ಎಂದರೆ 7 ಕಿಲೋವ್ಯಾಟಿಗೆ ಸ್ವಲ್ಪ ಮೇಲೆ. 40 ಯೂನಿಟ್ ತುಂಬಲು ಆಗ ಐದೂವರೆ ಗಂಟೆ ಸಾಕು. ಆದರೆ ಇದಕ್ಕೆ ಮೀಟರಿನಿಂದಲೇ ಪ್ರತ್ಯೇಕವಾದ ದಪ್ಪ ತಂತಿಯನ್ನು ಎಳೆಯಬೇಕು. ವಿದ್ಯುತ್ ಸರಬರಾಜು ಕಂಪನಿಗೆ ಅರ್ಜಿ ಕೊಟ್ಟು ಮನೆಗೆ ಮಂಜೂರಾದ ಹೊರೆಯನ್ನು ಹೆಚ್ಚಿಸಿಕೊಳ್ಳಬೇಕು. ಇವು ಬರಿಯ ಕಾಗದಪತ್ರದ ಔಪಚಾರಿಕ ಕಟ್ಟಳೆಗಳಲ್ಲ. ಇವುಗಳ ಹಿಂದೆ ಇರುವ ನಿಯಮವನ್ನು ನಾವು ಕಲಿತುದು ಪುಸ್ತಕದಿಂದಲ್ಲ, ಮೂಗಿನಿಂದ.

ಬಿಸಿಯಾದ ಸಾಕೆಟ್ಟು

ವಾಹನ ಮನೆಗೆ ಬಂದ ಮೂರನೆಯ ವಾರ. ಸ್ನಾನದ ನೀರು ಕಾಯಿಸುವ ಗೀಸರಿಗಾಗಿ ಹಿಂದೆ ಹಾಕಿಸಿದ್ದ 15 ಆಂಪಿಯರ್ ಸಾಕೆಟ್ಟಿಗೇ ನಾವು ಕಾರನ್ನು ತಗುಲಿಸುತ್ತಿದ್ದೆವು. ಹತ್ತು ವರ್ಷ ಗೀಸರನ್ನು ತಡೆದುಕೊಂಡ ಸಾಕೆಟ್ಟು ಕಾರನ್ನೂ ತಡೆದುಕೊಳ್ಳುವುದೆಂಬುದು ನಮ್ಮ ತರ್ಕ. ಎರಡೂ ಎಳೆಯುವ ಪ್ರವಾಹ ಹೆಚ್ಚುಕಡಮೆ ಒಂದೇ ಅಲ್ಲವೆ? ಒಂದು ಬೆಳಗಿನ ಜಾವ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಗೆ ಎಚ್ಚರವಾಯಿತು. ಹೋಗಿ ನೋಡಿದರೆ ಪ್ಲಗ್ಗಿನ ಒಂದು ಕಡ್ಡಿಯ ಸುತ್ತ ಕಂದುಬಣ್ಣ. ಸಾಕೆಟ್ಟಿನ ತೂತು ಕರಗಿ ಸೊಟ್ಟಗಾಗಿತ್ತು. ಅದೇ ಗೋಡೆಯ ಆಚೆ ಬದಿಯಲ್ಲಿ ಮಗು ಮಲಗಿತ್ತು.

ನಮ್ಮ ತರ್ಕದಲ್ಲಿ ತಪ್ಪಿದುದು ಎಲ್ಲಿ? ಪ್ರವಾಹವು ಒಂದು ರೋಧದ ಮೂಲಕ ಹರಿಯುವಾಗ ಹುಟ್ಟುವ ಬಿಸಿ ಪ್ರವಾಹದ ವರ್ಗಕ್ಕೂ ರೋಧಕ್ಕೂ ಅನುಪಾತವಾಗಿರುತ್ತದೆಂದು ಜೂಲನ ನಿಯಮ ಹೇಳುತ್ತದೆ. ಹಳೆಯ ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿಕೆ ಸಡಿಲವಾಗಿ ಅಲ್ಲಿ ಓಮಿನ ಹತ್ತರಲ್ಲಿ ಒಂದು ಪಾಲಿನಷ್ಟು ರೋಧ ಉಂಟಾಗಿದೆ ಎಂದು ಭಾವಿಸೋಣ. 15ರ ವರ್ಗ 225, ಅದನ್ನು 0.1ರಿಂದ ಗುಣಿಸಿದರೆ 22.5 ವ್ಯಾಟ್. ಕೇಳುವುದಕ್ಕೆ ಅಲ್ಪವೇ. ಆದರೆ ರೇಡಿಯೊ ದುರಸ್ತಿ ಮಾಡುವವರು ಸೀಸದ ಬೆಸುಗೆಯನ್ನು ಕರಗಿಸಲು ಬಳಸುವ ಸೋಲ್ಡರಿಂಗ್ ಕಡ್ಡಿಯ ಸಾಮರ್ಥ್ಯ 25 ವ್ಯಾಟ್! ಅಂಥ ಒಂದು ಕಡ್ಡಿಯನ್ನು ಕಾಯಿಸಿ ಸಾಕೆಟ್ಟಿನೊಳಗೆ ತುರುಕಿದಂತೆಯೇ ಸರಿ.

ಗೀಸರು ಇದೇ ಬಿಸಿಯನ್ನು ಹದಿನೈದು ನಿಮಿಷ ಹುಟ್ಟಿಸಿ ನಿಲ್ಲುತ್ತಿತ್ತು. ಸಾಕೆಟ್ಟು ಮತ್ತೆ ಆರುತ್ತಿತ್ತು. ಕಾರು ಹತ್ತು ಹನ್ನೆರಡು ಗಂಟೆ ಬಿಡುವಿಲ್ಲದೆ ಎಳೆಯುತ್ತದೆ. ಪ್ರವಾಹ ಒಂದೇ ಆದರೂ ಕಾಲ ಬೇರೆ. ಬಿಸಿಯಾದ ಹಿಡಿಕೆ ಇನ್ನಷ್ಟು ಸಡಿಲವಾಗುತ್ತದೆ, ರೋಧ ಇನ್ನಷ್ಟು ಹೆಚ್ಚುತ್ತದೆ, ಬಿಸಿ ಮತ್ತಷ್ಟು ಏರುತ್ತದೆ. ಮನೆಯ ವೈರಿಂಗಿನಲ್ಲಿ ಬೇರೆ ಯಾವ ಉಪಕರಣವೂ ಇಷ್ಟು ಕಠಿಣವಾದ ಪರೀಕ್ಷೆಯನ್ನು ಒಡ್ಡುವುದಿಲ್ಲ.

ವರ್ಗದ ನಿಯಮದಲ್ಲಿ ಅಪಾಯವಿರುವಂತೆ ಉಪಾಯವೂ ಇದೆ. ಪ್ರವಾಹವನ್ನು 15ರಿಂದ 10 ಆಂಪಿಯರಿಗೆ ಇಳಿಸಿದರೆ ಕಾರಿಗೆ ಸೇರುವ ಶಕ್ತಿ ಮೂರರಲ್ಲಿ ಒಂದು ಪಾಲು ಕಡಮೆಯಾಗುತ್ತದೆ. ಆದರೆ ಅದೇ ಸಂಧಿಯ ಬಿಸಿ 22.5ರಿಂದ 10 ವ್ಯಾಟಿಗೆ, ಎಂದರೆ ಅರ್ಧಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ. ಅಪರಿಚಿತವಾದ ಮನೆಯಲ್ಲಿ, ಹಳೆಯ ಛತ್ರದಲ್ಲಿ ಚಾರ್ಜು ಮಾಡಬೇಕಾದಾಗ ಇದನ್ನು ನೆನಪಿಡಬೇಕು. ಇದಕ್ಕೆ ವಿರುದ್ಧವಾಗಿ 32 ಆಂಪಿಯರಿಗೆ ಏರಿಸಿದರೆ ಅದೇ ತಂತಿಯ ಬಿಸಿ ನಾಲ್ಕೂವರೆ ಪಟ್ಟಾಗುವುದು. ಬೇರೆ ತಂತಿ ಬೇಕೆನ್ನುವುದು ಇದಕ್ಕಾಗಿಯೇ. ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ತಂತಿಯನ್ನಂತೂ ಎಂದೂ ಬಳಸಬಾರದು. ಸುರುಳಿಯ ಒಳಮಡಿಕೆಗಳ ಬಿಸಿ ಹೊರಕ್ಕೆ ಹೋಗಲು ದಾರಿಯಿಲ್ಲ.

ಆ ದಿನವೇ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಕಾರಿಗೆಂದೇ ಬೇರೆ ತಂತಿ, ಹೊಸ ಸಾಕೆಟ್ಟು, ಪ್ರವಾಹ ಮಿತಿಮೀರಿದರೆ ಬೀಳುವ ಎಂ.ಸಿ.ಬಿ., 30 ಮಿಲಿ ಆಂಪಿಯರ್ ಸೋರಿದರೂ ಸಂಪರ್ಕವನ್ನು ಕಡಿದುಹಾಕುವ ಆರ್.ಸಿ.ಸಿ.ಬಿ., ಒಳ್ಳೆಯ ಅರ್ತಿಂಗ್ ಇವೆಲ್ಲವನ್ನೂ ಮಾಡಿಸಿದೆವು. ಖರ್ಚು ಕಾರಿನ ಬೆಲೆಯ ಮುಂದೆ ಏನೂ ಅಲ್ಲ. ಮೊದಲ ದಿನವೇ ಮಾಡಿಸಬೇಕಾಗಿತ್ತು.

ಎರಡು ಬಗೆಯ ಪ್ರವಾಹ

ಮನೆಗೆ ಬರುವುದು ಪರ್ಯಾಯ ಪ್ರವಾಹ. ಸೆಕೆಂಡಿಗೆ 50 ಆವರ್ತನೆಗಳಂತೆ ಅದು ದಿಕ್ಕನ್ನು ಬದಲಿಸುತ್ತಿರುತ್ತದೆ. ಬ್ಯಾಟರಿಗೆ ಬೇಕಾದುದು ಒಂದೇ ದಿಕ್ಕಿಗೆ ಹರಿಯುವ ನೇರ ಪ್ರವಾಹ. ಹಾಗಾದರೆ ಪರ್ಯಾಯ ಪ್ರವಾಹವನ್ನೇ ಏಕೆ ಮನೆಮನೆಗೆ ಕೊಡುತ್ತಾರೆ? ಇದಕ್ಕೆ ಉತ್ತರ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಇದೆ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ತೆಗೆದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದರು. ಅಷ್ಟು ದೂರದ ತಂತಿಯಲ್ಲಿ ಬಿಸಿಯಾಗಿ ನಷ್ಟವಾಗದಿರಬೇಕಾದರೆ ಪ್ರವಾಹ ಕಡಮೆಯಿರಬೇಕು. ಪ್ರವಾಹ ಕಡಮೆಯಾಗಿಯೂ ಸಾಮರ್ಥ್ಯ ಹೆಚ್ಚಾಗಿರಬೇಕಾದರೆ ವೋಲ್ಟೇಜು ಹೆಚ್ಚಿರಬೇಕು. ವೋಲ್ಟೇಜನ್ನು ಸುಲಭವಾಗಿ ಏರಿಸಿ ಇಳಿಸಬಲ್ಲ ಟ್ರಾನ್ಸ್‌ಫಾರ್ಮರು ಪರ್ಯಾಯ ಪ್ರವಾಹದಿಂದ ಮಾತ್ರ ಕೆಲಸಮಾಡುತ್ತದೆ. ನಮ್ಮ ಸಾಕೆಟ್ಟನ್ನು ಕರಗಿಸಿದ ವರ್ಗದ ನಿಯಮವೇ ಆ ತಂತಿಮಾರ್ಗವನ್ನೂ ರೂಪಿಸಿತು ಎನ್ನಬಹುದು.

ಆದಕಾರಣ ಪರ್ಯಾಯ ಪ್ರವಾಹವನ್ನು ನೇರ ಪ್ರವಾಹವಾಗಿ ಮಾರ್ಪಡಿಸುವ ಪರಿವರ್ತಕವೊಂದು ಕಾರಿನೊಳಗೇ ಕುಳಿತಿರುತ್ತದೆ. ಗೋಡೆಯ ಮೇಲಿನ ಪೆಟ್ಟಿಗೆಯನ್ನು ಜನರು ಚಾರ್ಜರ್ ಎಂದು ಕರೆದರೂ ನಿಜವಾದ ಚಾರ್ಜರು ಈ ಒಳಗಿನ ಪರಿವರ್ತಕವೇ; ಗೋಡೆಯ ಪೆಟ್ಟಿಗೆ ಕಾವಲುಗಾರ ಮಾತ್ರ. ಕಾರಿನ ಪರಿವರ್ತಕ 3.3 ಕಿಲೋವ್ಯಾಟಿನದಾಗಿದ್ದರೆ 7 ಕಿಲೋವ್ಯಾಟಿನ ಪೆಟ್ಟಿಗೆಯನ್ನು ಕೊಂಡುತಂದು ಏನೂ ಪ್ರಯೋಜನವಿಲ್ಲ. ಪೆಟ್ಟಿಗೆಯೂ ಕಾರೂ ಮೊದಲು ಸಣ್ಣ ಸಂಕೇತಗಳ ಮೂಲಕ ಪರಸ್ಪರ ವಿಚಾರಿಸಿಕೊಂಡು, ಎಲ್ಲವೂ ಸರಿಯಾಗಿದೆಯೆಂದು ಖಚಿತವಾದ ಮೇಲೆಯೇ ತುದಿಯಲ್ಲಿ ಪ್ರವಾಹ ಹರಿಯುತ್ತದೆ.

ಪರಿವರ್ತಕ ದೊಡ್ಡದಾದಷ್ಟೂ ಭಾರ, ಬೆಲೆ ಎರಡೂ ಹೆಚ್ಚು. ಅದನ್ನು ಕಾರಿನೊಳಗೆ ಹೊತ್ತು ತಿರುಗುವುದಕ್ಕಿಂತ ದಾರಿಯ ಬದಿಯಲ್ಲಿ ನೆಟ್ಟು, ಸಿದ್ಧವಾದ ನೇರ ಪ್ರವಾಹವನ್ನೇ ಬ್ಯಾಟರಿಗೆ ಕೊಟ್ಟರೆ ಒಳ್ಳೆಯದಲ್ಲವೆ? ಹೆದ್ದಾರಿಯ ವೇಗದ ಚಾರ್ಜರುಗಳು ಮಾಡುವುದು ಇದನ್ನೇ. ಅವು 30, 60, 120 ಕಿಲೋವ್ಯಾಟ್, ಇನ್ನೂ ಹೆಚ್ಚಿನ ಸಾಮರ್ಥ್ಯದವೂ ಉಂಟು. 350 ವೋಲ್ಟಿನ ಬ್ಯಾಟರಿಗೆ 50 ಕಿಲೋವ್ಯಾಟ್ ಕೊಡಬೇಕಾದರೆ 140 ಆಂಪಿಯರಿಗೂ ಮೇಲಾದ ಪ್ರವಾಹ ಬೇಕು. ಆ ಚಾರ್ಜರಿನ ಕೇಬಲ್ಲು ಬಾವಿಹಗ್ಗಕ್ಕಿಂತ ದಪ್ಪವಾಗಿ, ಎತ್ತಲು ಭಾರವಾಗಿ ಇರುವುದು ಇದರಿಂದಲೇ. ಕೆಲವು ಹೊಸ ಕಾರುಗಳಲ್ಲಿ ಬ್ಯಾಟರಿಯ ವೋಲ್ಟೇಜನ್ನು 800ರ ಹತ್ತಿರಕ್ಕೆ ಏರಿಸಿ ಪ್ರವಾಹವನ್ನು ಅರ್ಧಕ್ಕೆ ಇಳಿಸಿದ್ದಾರೆ. ಇದು ಶಿವನಸಮುದ್ರದ ಹಳೆಯ ಉಪಾಯವೇ.

ಬ್ಯಾಟರಿಯೊಳಗೆ

ಇನ್ನು ಪ್ರವಾಹವು ಕೊನೆಗೆ ಮುಟ್ಟುವ ಜಾಗವನ್ನು ನೋಡೋಣ. ಇಂದಿನ ಕಾರುಗಳಲ್ಲಿರುವುದು ಲಿಥಿಯಮ್ ಅಯಾನು ಕೋಶ. 1991ರಲ್ಲಿ ಇದು ಮಾರುಕಟ್ಟೆಗೆ ಬಂದಿತು; ಇದರ ಬೆಳವಣಿಗೆಗೆ ಕಾರಣರಾದ ವಿಟ್ಟಿಂಗ್‌ಹ್ಯಾಮ್, ಗುಡ್‌ಇನಫ್, ಯೊಶಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಒಂದು ಕೋಶದ ವೋಲ್ಟೇಜು ಮೂರೂ ಚಿಲ್ಲರೆ ಮಾತ್ರ. ಅಂಥ ನೂರರಷ್ಟು ಕೋಶಗಳನ್ನು ಸಾಲಾಗಿ ಜೋಡಿಸಿದಾಗ ಮುನ್ನೂರೈವತ್ತರ ಸುಮಾರಿನ ವೋಲ್ಟೇಜು ದೊರೆಯುತ್ತದೆ.

ಕೋಶದ ಒಂದು ಧ್ರುವದಲ್ಲಿ ಗ್ರಾಫೈಟಿನ ತೆಳುಪದರಗಳು ಹಾಳೆಯ ಮೇಲೆ ಹಾಳೆಯಂತೆ ಒತ್ತಾಗಿವೆ. ಚಾರ್ಜು ಮಾಡುವುದೆಂದರೆ ಲಿಥಿಯಮ್ ಅಯಾನುಗಳನ್ನು ಮತ್ತೊಂದು ಧ್ರುವದಿಂದ ಹೊರಡಿಸಿ ಈ ಪದರಗಳ ನಡುವೆ ಸೇರಿಸುವುದು. ಸಂತೆಯ ದಿನದ ಬಸ್ಸನ್ನು ಎಲ್ಲರೂ ನೋಡಿದ್ದೇವೆ. ಬಸ್ಸು ಬರಿದಾಗಿರುವಾಗ ಹತ್ತಿದವರು ಹತ್ತಿದಂತೆಯೇ ಕುಳಿತುಬಿಡುತ್ತಾರೆ. ಮುಕ್ಕಾಲು ತುಂಬಿದ ಮೇಲೆ ಹೊಸಬರು ಸೀಟು ಹುಡುಕುತ್ತ, ಗಂಟುಮೂಟೆಗಳನ್ನು ದಾಟುತ್ತ ಒಳಕ್ಕೆ ಹೋಗಬೇಕು. ಆಗ ಹಿಂದಿನಿಂದ ನೂಕಿದರೆ ಜನ ಬಾಗಿಲಲ್ಲೇ ಕಿಕ್ಕಿರಿಯುತ್ತಾರೆ. ಅಯಾನುಗಳ ಸ್ಥಿತಿಯೂ ಹೀಗೆಯೇ. ಬಹುಮಟ್ಟಿಗೆ ತುಂಬಿದ ಕೋಶಕ್ಕೆ ಬಲವಂತವಾಗಿ ನೂಕಿದರೆ ಅವು ಪದರಗಳೊಳಗೆ ಸೇರದೆ ಹೊರಮೈಯಲ್ಲೇ ಲೋಹವಾಗಿ ಕೂರುತ್ತವೆ. ಹಾಗೆ ಕೂತ ಲೋಹ ಮತ್ತೆ ಪೂರ್ತಿಯಾಗಿ ಕೆಲಸಕ್ಕೆ ಬರುವುದಿಲ್ಲ. ಸೂಜಿಯಂತೆ ಬೆಳೆದು ಎರಡು ಧ್ರುವಗಳನ್ನು ಮುಟ್ಟಿಸಿದರೆ ಕೋಶಕ್ಕೇ ಅಪಾಯ.

ಈ ಕಾರಣದಿಂದ ಬ್ಯಾಟರಿಯನ್ನು ಕಾಯುವ ಕಂಪ್ಯೂಟರು ತುಂಬಿದಂತೆಲ್ಲ ಪ್ರವಾಹವನ್ನು ಇಳಿಸುತ್ತ ಹೋಗುತ್ತದೆ. ಚಳಿಯಲ್ಲಿ ಅಯಾನುಗಳು ನಿಧಾನವಾಗುವುದರಿಂದ ಆಗಲೂ ಇಳಿಸುತ್ತದೆ. ಬ್ಯಾಟರಿ ತೀರ ಬಿಸಿಯಾದರೂ ಇಳಿಸುತ್ತದೆ. 60 ಕಿಲೋವ್ಯಾಟ್ ಎಂದು ಬರೆದ ಚಾರ್ಜರಿನಲ್ಲಿ ನಮ್ಮ ಕಾರು 25 ಮಾತ್ರ ತೆಗೆದುಕೊಂಡಾಗ ಚಾರ್ಜರು ಮೋಸಮಾಡಿತೆಂದು ರೇಗಬಾರದು. ಬಹಳ ಸಲ ಬೇಡವೆಂದುದು ಬ್ಯಾಟರಿಯೇ. ನಮ್ಮ ವಾಹನಕ್ಕೆ ನೂರಕ್ಕೆ 10ರಿಂದ 80ರವರೆಗೆ ತುಂಬಲು ಒಂದು ಗಂಟೆಯೊಳಗೆ ಸಾಕಾದರೆ, ಉಳಿದ 20ಕ್ಕೆ ಮತ್ತೆ ಅರ್ಧ ಗಂಟೆಗೂ ಹೆಚ್ಚು ಬೇಕು. ಆದ್ದರಿಂದ ದಾರಿಯಲ್ಲಿ 80ಕ್ಕೆ ನಿಲ್ಲಿಸಿ ಹೊರಡುವುದು ಜಾಣತನ. ಹಿಂದೆ ಕಾಯುತ್ತಿರುವವರಿಗೆ ಉಪಕಾರವೂ ಹೌದು.

ಹೀಗೆ ಶಕ್ತಿ ಮೂರು ಬಾಗಿಲುಗಳನ್ನು ದಾಟಿ ಬರಬೇಕು: ತಂತಿ, ಪರಿವರ್ತಕ, ಬ್ಯಾಟರಿ. ಮೂರರಲ್ಲಿ ಯಾವುದು ಅತ್ಯಂತ ಕಿರಿದೋ ಅದೇ ಕಾಯಬೇಕಾದ ಕಾಲವನ್ನು ನಿರ್ಧರಿಸುತ್ತದೆ. ಮನೆಯಲ್ಲಿ ಕಿರಿದಾದುದು ತಂತಿ ಅಥವಾ ಪರಿವರ್ತಕ. ದಾರಿಯಲ್ಲಿ ಬಹುಮಟ್ಟಿಗೆ ಬ್ಯಾಟರಿ.

ದಾರಿಯಲ್ಲಿ

ಬೆಂಗಳೂರಿನ ನಮ್ಮ ಮನೆಯಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಹೆದ್ದಾರಿಯಲ್ಲಿ ನೂರು ಕಿಲೋಮೀಟರಿಗೆ 15ರಿಂದ 16 ಯೂನಿಟ್ ಖರ್ಚಾಗುವ ವಾಹನ ಒಂದೇ ಉಸಿರಿನಲ್ಲಿ ಮುಟ್ಟಲಾರದು. ಮನೆಯಲ್ಲಿ ಪೂರ್ತಿ ತುಂಬಿಸಿ ಹೊರಟರೆ ಸುಮಾರು 185 ಕಿಲೋಮೀಟರಿನ ಹಾಸನಕ್ಕೆ 29 ಯೂನಿಟ್ ಖರ್ಚಾಗಿ 16 ಉಳಿಯುತ್ತದೆ. ಅಲ್ಲಿ ಊಟದ ಹೊತ್ತಿನಲ್ಲಿ 20 ಯೂನಿಟ್ ಸೇರಿಸಿಕೊಂಡರೆ ಮುಂದಿನ ದಾರಿಗೆ ಧಾರಾಳವಾಯಿತು. ನಾವು ಹೋದಾಗ ಹೀಗೆಯೇ ಮಾಡಿದೆವು, ಕಾಯ್ದಂತೆಯೇ ಅನ್ನಿಸಲಿಲ್ಲ.

ವೇಗದ ವಿಚಾರವನ್ನೂ ಇಲ್ಲಿ ಹೇಳಬೇಕು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಪಾತವಾಗಿ ಬೆಳೆಯುತ್ತದೆ. ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಏರಿಸಿದರೆ ವೇಗ ಹೆಚ್ಚಿದುದು ಕಾಲುಭಾಗ; ಗಾಳಿಯ ತಡೆ ಹೆಚ್ಚುವುದು ಒಂದೂವರೆ ಪಟ್ಟಿಗೂ ಮೇಲೆ. ಎಸ್.ಯು.ವಿ.ಯ ಎತ್ತರ ಅಗಲಗಳು ಗಾಳಿಗೆ ಎದೆಯೊಡ್ಡುವಂಥವು. ಆದ್ದರಿಂದ ಈ ಪಾಠ ಅದಕ್ಕೆ ಹೆಚ್ಚಾಗಿ ಅನ್ವಯಿಸುತ್ತದೆ. ಅವಸರದಲ್ಲಿ ಉಳಿಸಿದ ಹತ್ತು ನಿಮಿಷವನ್ನು ಚಾರ್ಜರಿನ ಮುಂದೆ ಬಡ್ಡಿಸಹಿತ ತೆರಬೇಕಾಗುವುದು.

ದಾರಿಬದಿಯ ಚಾರ್ಜರುಗಳು ನಮ್ಮಲ್ಲಿ ಹೆಚ್ಚುತ್ತ ಬಂದಿವೆ. ಕರ್ನಾಟಕ ಸರ್ಕಾರ 2017ರಲ್ಲಿಯೇ ವಿದ್ಯುದ್ವಾಹನಗಳಿಗಾಗಿ ಒಂದು ನೀತಿಯನ್ನು ಪ್ರಕಟಿಸಿತು. ಚಾರ್ಜಿಂಗ್ ಕೇಂದ್ರ ನಡೆಸಲು ವಿದ್ಯುತ್ ಮಾರಾಟದ ಪರವಾನಗಿ ಬೇಕಿಲ್ಲವೆಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲಿ ಸ್ಪಷ್ಟಪಡಿಸಿತು. ಹೋಟೆಲುಗಳ ಅಂಗಳದಲ್ಲಿ, ಬಂಕುಗಳಲ್ಲಿ ಚಾರ್ಜರುಗಳು ತಲೆಯೆತ್ತಿದುವು. ಆದರೆ ನಕ್ಷೆಯಲ್ಲಿ ಚುಕ್ಕೆಯಿದ್ದ ಮಾತ್ರಕ್ಕೆ ಅಲ್ಲಿ ವಿದ್ಯುತ್ತು ದೊರೆಯುವುದೆಂಬ ಭರವಸೆಯಿಲ್ಲ. ಇದನ್ನು ನಾವು ಹಿಂದಿರುಗುವಾಗ ಕಲಿತೆವು.

ಘಟ್ಟದ ಲೆಕ್ಕ

ಸಕಲೇಶಪುರದಿಂದ ಮಂಗಳೂರಿಗೆ ಸುಮಾರು 130 ಕಿಲೋಮೀಟರ್. ಇಳಿಯುವಾಗ ಈ ದೂರಕ್ಕೆ ನಮಗೆ ಖರ್ಚಾದುದು 16 ಯೂನಿಟ್ ಮಾತ್ರ. ಮಂಗಳೂರಿನ ಬಂಧುಗಳ ಹಳೆಯ ಮನೆಯಲ್ಲಿ ರಾತ್ರಿ ಚಾರ್ಜಿಗೆ ಹಾಕಿದಾಗ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿತು. ಸಾಕೆಟ್ಟಿನಲ್ಲಿ ಅರ್ತಿಂಗ್ ಇರಲಿಲ್ಲ. ಅಂಥ ಕಡೆ ಅದು ಪ್ರವಾಹವನ್ನು ಬಿಡದು. ಇದು ಅದರ ದೋಷವಲ್ಲ, ಗುಣ. ಬೆಳಗ್ಗೆ ಊರಿನ ವೇಗದ ಚಾರ್ಜರಿನ ಮುಂದೆ ಸಾಲು ಇತ್ತು. ಬ್ಯಾಟರಿಯಲ್ಲಿ 29 ಯೂನಿಟ್ ತುಂಬುತ್ತಲೇ ನಾವು ತಾಳ್ಮೆಗೆಟ್ಟು ಹೊರಟೆವು. ಸಕಲೇಶಪುರಕ್ಕೆ 16 ಹೋದರೆ 13 ಉಳಿಯುತ್ತದೆ, ಅಲ್ಲಿಂದ 40 ಕಿಲೋಮೀಟರಿನ ಹಾಸನಕ್ಕೆ 6 ಸಾಕು ಎಂಬುದು ನಮ್ಮ ಎಣಿಕೆ.

ಗುಂಡ್ಯ ದಾಟಿ ಶಿರಾಡಿ ಘಟ್ಟವನ್ನು ಏರತೊಡಗಿದಾಗ ಮಳೆ ಹಿಡಿದುಕೊಂಡಿತು. ಮುಂದಿನ ಗಾಜಿನ ಮೇಲೆ ನೀರು ಹರಿಯುವ ವೇಗದಲ್ಲೇ ಬ್ಯಾಟರಿಯ ಅಂಕಿ ಇಳಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಎಪ್ಪತ್ತು ದಾಟಿದ ತಾಯಿ, ಅವರ ತೊಡೆಯ ಮೇಲೆ ನಿದ್ದೆಹೋದ ಮಗು. ಘಟ್ಟದ ಮೇಲೆ ಬಂದಾಗ ಉಳಿದಿದ್ದುದು ನೂರಕ್ಕೆ ಎಂಟು, ಎಂದರೆ ಮೂರೂವರೆ ಯೂನಿಟ್. ನಾವು ನಂಬಿದ್ದ ಮೊದಲನೆಯ ಚಾರ್ಜರು ಕೆಟ್ಟು ನಿಂತಿತ್ತು.

ಹೀಗೇಕಾಯಿತೆಂದು ತಾಯಿ ಕೇಳಿದರು. ಎತ್ತರಕ್ಕೆ ಏರಿದ ವಸ್ತುವಿನಲ್ಲಿ ಪ್ರಚ್ಛನ್ನಶಕ್ತಿ ಸೇರುತ್ತದೆ, ಅದನ್ನು ಬ್ಯಾಟರಿಯೇ ಕೊಡಬೇಕು ಎಂದು ವಿವರಿಸಿದೆವು. ಅವರು ಶಾಂತವಾಗಿ, "ನೀನು ಹುಡುಗರಿಗೆ ಪಾಠ ಹೇಳೋದು ಇದನ್ನೇ ಅಲ್ಲವೇನಪ್ಪಾ?" ಎಂದರು. ಉತ್ತರ ಕೊಡಲು ನಮ್ಮಲ್ಲಿ ಮಾತಿರಲಿಲ್ಲ.

ಆ ಲೆಕ್ಕವನ್ನು ಈಗಲಾದರೂ ಮಾಡೋಣ. ಜನ, ಸಾಮಾನು ಸಹಿತ ವಾಹನದ ದ್ರವ್ಯರಾಶಿ 2,000 ಕಿಲೋಗ್ರಾಂ. ಕಡಲ ಮಟ್ಟದಿಂದ ಸಕಲೇಶಪುರದ ಎತ್ತರ 900 ಮೀಟರಿಗೂ ಮೇಲೆ. 900 ಎಂದೇ ಹಿಡಿಯೋಣ. ಗುರುತ್ವದ ವೇಗೋತ್ಕರ್ಷ 9.8. ಮೂರನ್ನೂ ಗುಣಿಸಿದರೆ 1 ಕೋಟಿ 76 ಲಕ್ಷ ಜೂಲು. 36 ಲಕ್ಷದಿಂದ ಭಾಗಿಸಿದರೆ ಹೆಚ್ಚುಕಡಮೆ 5 ಯೂನಿಟ್. ಮೋಟಾರಿನ ನಷ್ಟವನ್ನು ಸೇರಿಸಿ 6 ಎನ್ನೋಣ. ಸಮನೆಲದಲ್ಲಿ 130 ಕಿಲೋಮೀಟರಿಗೆ ಬೇಕಾದುದು ಸುಮಾರು 19.5, ಏರುವಾಗ ಅದಕ್ಕೆ 6 ಕೂಡಿ 25.5 ಆಯಿತು. ಇಳಿಯುವಾಗ ಗುರುತ್ವವೇ ವಾಹನವನ್ನು ನೂಕುತ್ತದೆ. ಮೋಟಾರು ಡೈನಮೊ ಆಗಿ ತಿರುಗಿ ಸ್ವಲ್ಪ ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಐದರಲ್ಲಿ ಮೂರೂವರೆ ಉಳಿತಾಯವಾಗಿ 16 ಸಾಕಾಯಿತು. ಒಂದೇ ದಾರಿ, ಒಂದೇ ಕಾರು. ಇಳಿಯಲು 16, ಏರಲು 25.5. ಇಳಿಯುವಾಗ ಬ್ಯಾಟರಿ ಮೊದಲೇ ಭರ್ತಿಯಾಗಿದ್ದರೆ ಈ ಉಳಿತಾಯವೂ ಇಲ್ಲ. ತುಂಬಿದ ಕೊಡಕ್ಕೆ ನೀರು ಹಿಡಿಸುವುದಿಲ್ಲ. ಘಟ್ಟದ ನೆತ್ತಿಯಲ್ಲಿ ಪೂರ್ತಿ ಚಾರ್ಜು ಮಾಡಿ ಇಳಿಯಬಾರದೆನ್ನುವುದು ಇದಕ್ಕಾಗಿಯೇ.

ಅಂದು ನಮ್ಮನ್ನು ಪಾರುಮಾಡಿದುದು ಒಂದು ಸಣ್ಣ ಹೋಟೆಲಿನ 15 ಆಂಪಿಯರ್ ಸಾಕೆಟ್ಟು. ಯಜಮಾನರು ಗ್ರೈಂಡರನ್ನು ನಿಲ್ಲಿಸಿ ಅದರ ಸಾಕೆಟ್ಟನ್ನು ನಮಗೆ ಬಿಟ್ಟುಕೊಟ್ಟರು. ಪ್ಲಗ್ಗು ಬಿಸಿಯಾಗಿಲ್ಲವೆಂದು ಪದೇಪದೇ ಕೈಯಿಟ್ಟು ನೋಡುತ್ತ ಕುಳಿತೆವು. ಮೂರು ಗಂಟೆಯಲ್ಲಿ 9 ಯೂನಿಟ್ ಸೇರಿತು. ಹಾಸನವನ್ನು ಕ್ಷೇಮವಾಗಿ ಮುಟ್ಟಿದೆವು. ವೇಗದ ಚಾರ್ಜರು ಕೈಕೊಟ್ಟಾಗ ಕಾಪಾಡಿದುದು, ನಿಧಾನವೆಂದು ನಾವು ಹಗುರವಾಗಿ ಕಂಡಿದ್ದ ಸಾಕೆಟ್ಟೇ.

ಕೊನೆಯ ಮಾತು

ಇಷ್ಟರಿಂದ ತಿಳಿಯುವುದೇನು? ಮನೆಯಲ್ಲಿ ತಂತಿಯನ್ನು ಗಮನಿಸಬೇಕು. ಅವಸರವಿಲ್ಲದೆ ರಾತ್ರಿಯಲ್ಲಿ ತುಂಬಬೇಕು. ದಾರಿಯಲ್ಲಿ ಬ್ಯಾಟರಿಯ ಗುಣವನ್ನು ಗೌರವಿಸಿ 80ಕ್ಕೆ ನಿಲ್ಲಿಸಬೇಕು. ಹೊರಡುವ ಮೊದಲು ದೂರವನ್ನು ಮಾತ್ರವಲ್ಲದೆ ಎತ್ತರವನ್ನೂ ಲೆಕ್ಕಹಾಕಬೇಕು. ಒಂದು ಚಾರ್ಜರನ್ನೇ ನಂಬದೆ, ಅದು ಕೆಟ್ಟಿದ್ದರೆ ಮುಂದಿನದನ್ನು ಮುಟ್ಟುವಷ್ಟು ಶಕ್ತಿಯನ್ನು ಉಳಿಸಿಕೊಳ್ಳಬೇಕು. ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದ ನಮ್ಮ ಅಜ್ಜಿಯರು ದಾರಿಗೆ ಬೇಕಾದುದಕ್ಕಿಂತ ಒಂದು ರೊಟ್ಟಿ ಹೆಚ್ಚಾಗಿಯೇ ಇಡುತ್ತಿದ್ದರು. ಆ ಒಂದು ರೊಟ್ಟಿಯನ್ನು ಮರೆತುದೇ ನಮ್ಮ ತಪ್ಪು.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕವನ್ನು ಬಿಟ್ಟು ಈ ಲೇಖನವನ್ನು ಮುಗಿಸುತ್ತೇವೆ. ಮೈಸೂರಿನ ಎತ್ತರ ಸುಮಾರು 770 ಮೀಟರ್, ಉದಕಮಂಡಲದ್ದು ಸುಮಾರು 2,240 ಮೀಟರ್. ನಡುವಿನ ದಾರಿ ಸುಮಾರು 125 ಕಿಲೋಮೀಟರ್. ಇದೇ ವಾಹನದಲ್ಲಿ ಮೈಸೂರಿನಿಂದ 30 ಯೂನಿಟ್ ಇಟ್ಟುಕೊಂಡು ಹೊರಟರೆ ಉದಕಮಂಡಲವನ್ನು ಧೈರ್ಯವಾಗಿ ಮುಟ್ಟಬಹುದೆ? ಮುಟ್ಟಿದರೆ ಎಷ್ಟು ಉಳಿಯುವುದು? ಮೊದಲು ಕಾಗದದ ಮೇಲೆ ಏರಿ ನೋಡಿರಿ. ಅಲ್ಲಿ ಶಕ್ತಿ ಮುಗಿದರೆ ನಷ್ಟವೇನೂ ಇಲ್ಲ.